ಮುಕಾಷನಿಗೆ ಒಪ್ಪದ ಜಾಕೆಟ್ಟು

ಅಳುಹಾಡಿನ ಮೂರನೆಯ ಸಾಲಿಗೆ ಬಂದು ಉಲ್ಕಾನಳ ದನಿ ನಿಂತುಬಿಟ್ಟಿತು.

'ಬೆಟ್ಟದಂಥವನೇ, ಬಾಗಿಲ ಮುಂದೆ ನಿಂತು ಗಾಳಿ ತಡೆದವನೇ' ಎಂದು ಹಾಡಿಕೊಂಡು ಅಳಬೇಕಿತ್ತು. ಗಾಳಿ ತಡೆದವನು ಎನ್ನುವ ಮಾತು ನಾಲಿಗೆಗೆ ಬಂದದ್ದೇ ತಡ, ಎದೆಯಲ್ಲಿ ಸಿಟ್ಟು ಉಕ್ಕಿತು. ಯಾವ ಗಾಳಿ ತಡೆದ? ತನ್ನ ಬೆನ್ನಿಗೊಂದು ಬೆಚ್ಚನೆಯ ಬಟ್ಟೆ ಆರಿಸಿಕೊಳ್ಳಲಾಗದೆ, ನರಿನ್ ಪಟ್ಟಣದ ಪೇಟೆಯ ಅಷ್ಟೂ ಅಂಗಡಿ ಸುತ್ತಿ, ಕೊನೆಗೆ ತೂತುಬಿದ್ದ ಸ್ವೆಟರಿನಲ್ಲೇ ಹಿಮ ಎತ್ತಿಹಾಕಲು ಹೋಗಿ ಎದೆ ಹಿಡಿದುಕೊಂಡು ಸತ್ತವನು. ಡಾಕ್ಟರು ಹೃದಯ ಅಂದರು. ಅನ್ನಲಿ. ಚಳಿ ಅಂತ ಅವಳಿಗೆ ಗೊತ್ತು.

ಪಕ್ಕದಲ್ಲಿ ಕೂತಿದ್ದ ಓರಗಿತ್ತಿ ಕಲಿಪಾ ಮೊಣಕೈಯಿಂದ ಮೆಲ್ಲಗೆ ತಿವಿದಳು.

"ನಿಲ್ಲಿಸ್ಬೇಡ ಅಕ್ಕ. ಹೊರಗೆ ಹೊಸಬರು ಬಂದಿದಾರೆ, ಕೇಳಿಸ್ಕೊತಾರೆ."

"ಮಾತು ಬರ್ತಿಲ್ಲ ಕಣೆ."

"ದುಃಖಕ್ಕೆ ಹಂಗಾಗತ್ತೆ."

"ದುಃಖ ಅಲ್ಲ."

ಕಲಿಪಾ ತಾನೇ ದನಿ ಎತ್ತಿ ಭಾವನನ್ನು ಹೊಗಳುತ್ತ ಅಳತೊಡಗಿದಳು. ಅವಳ ದನಿ ಚೆನ್ನಾಗಿತ್ತು. ಉಲ್ಕಾನಳಿಗೆ ಅದೂ ಸಿಟ್ಟು ತರಿಸಿತು.

ಮನೆಯ ಅಂಗಳದಲ್ಲಿ ಕಂಬಳಿಯ ಗುಡಾರ ಎದ್ದಿತ್ತು. ಒಳಗೆ ಪರದೆಯ ಆಚೆ ಅವಳ ಗಂಡ ಮುಕಾಷ್ ಮಲಗಿದ್ದ. ಸತ್ತವನು ಬೆಚ್ಚಗಿರಬಾರದೆಂದು ಗುಡಾರದಲ್ಲಿ ಒಲೆ ಹಾಕಿರಲಿಲ್ಲ. ಹೆಂಗಸರ ಬಾಯಿಯ ಹಬೆ ಮೇಲೆದ್ದು ಅಲ್ಲಲ್ಲೇ ಕರಗುತ್ತಿತ್ತು. ಹೊರಗೆ ಅವಳ ಮಗ ಎರ್ಮೆಕನೂ ಮೈದುನ ಸಗಿನನೂ ಸೊಂಟಕ್ಕೆ ಕೈಕೊಟ್ಟು ಬಾಗಿ ನಿಂತು, ಬಂದವರಿಗೆಲ್ಲ ಎದುರಾಗಿ "ಅಯ್ಯೋ ನನ್ನ ಬೆಟ್ಟವೇ" ಎಂದು ಗೋಳಿಡುತ್ತಿದ್ದರು. ಗೋಳು ನಿಂತ ಕೂಡಲೇ ಕುದುರೆ ಮಾಂಸ ಬೇಯಲು ಇನ್ನೆಷ್ಟು ಹೊತ್ತು ಎಂದು ಯಾರೋ ಕೇಳುವುದೂ ಕೇಳಿಸುತ್ತಿತ್ತು.

ಕಲಿಪಾ ಅಳು ಮುಗಿಸಿ ಮೂಗೊರೆಸಿಕೊಂಡು ಕಿವಿಯ ಹತ್ತಿರ ಬಂದಳು.

"ಅಕ್ಕ, ಇನ್ನು ಸ್ವಲ್ಪ ಹೊತ್ತಿಗೆ ಮೈ ತೊಳೆಯೋರು ಒಳಗೆ ಬರ್ತಾರೆ. ಅವರಿಗೆ ಕೊಡೋ ಬಟ್ಟೆ ಜೋಡ್ಸಿದೀಯಾ?"

"ಟೋಪಿ ಇದೆ. ಅಂಗಿಗಳಿವೆ. ಬೂಟಿದೆ."

"ತಲೆ ತೊಳೆಯೋನಿಗೆ ಮೇಲ್ಬಟ್ಟೆ?"

ತಲೆ ತೊಳೆಯುವವನು ಸಗಿನ್, ಕಲಿಪಾಳ ಗಂಡ. ಸತ್ತವನ ಮೇಲ್ಬಟ್ಟೆ, ಇಲ್ಲದಿದ್ದರೆ ಸತ್ತವನ ಹೆಸರಿನಲ್ಲಿ ಹೊಸದೊಂದು, ಅವನಿಗೆ ಸಲ್ಲಬೇಕು. ಮುಕಾಷನ ಒಳ್ಳೆಯ ಕೋಟನ್ನು ಎರ್ಮೆಕನ ಮದುವೆಯಲ್ಲಿ ಬೀಗರಿಗೆ ಹೊದಿಸಿಯಾಗಿತ್ತು. ಉಳಿದದ್ದು ಬಾಗಿಲ ಹಿಂದೆ ಗೂಟಕ್ಕೆ ನೇತಾಡುತ್ತಿತ್ತು. ಹತ್ತಿ ತುಂಬಿದ ಹಳೆಯ ಕೋಟು, ಅವನು ಕೆಲಸ ಮಾಡುತ್ತಿದ್ದ ಡಿಪೋದ ಪೆಟ್ರೋಲಿನ ವಾಸನೆಯದು.

"ಅದೇ ಇರೋದು," ಎಂದಳು ಉಲ್ಕಾನ್.

"ಹತ್ತಿ ಕಿತ್ತು ಬಂದಿರೋದಾ?" ಕಲಿಪಾಳ ಹುಬ್ಬು ಮೇಲೇರಿತು. "ನಮ್ಮೋರಿಗೆ ಬಟ್ಟೆಗೇನು ಬರ ಬಂದಿಲ್ಲ ಅಕ್ಕ, ನನಗೋಸ್ಕರ ಕೇಳ್ತಿಲ್ಲ. ಆದ್ರೆ ಊರೋರು ನೋಡ್ತಿರ್ತಾರೆ. ಮೂವತ್ತು ವರ್ಷ ದುಡಿದ ಗಂಡಸಿನ ಮೈಮೇಲೆ ಒಂದು ನೆಟ್ಟಗಿರೋ ಬಟ್ಟೆ ಇರ್ಲಿಲ್ವಾ ಅಂತ ನಾಳೆ ಆಡ್ಕೊಳೋದು ನಿನ್ನನ್ನೇ."

ಆ ಮಾತು ನೆಟ್ಟಗೆ ಹೋಗಿ ನಾಟಿತು. ಉಲ್ಕಾನ್ ಗುಡಾರದ ಬಾಗಿಲ ಕಡೆ ತಿರುಗಿ ಸೊಸೆಯನ್ನು ಕರೆದಳು. ಬೇಗಾಯಿಮ್ ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಬಂದಳು.

"ಕೈ ತೊಳ್ಕೊ. ಪೇಟೆಗೆ ಹೋಗಿ ಒಂದು ಜಾಕೆಟ್ಟು ತಗೊಂಬಾ."

"ಯಾವ ಥರದ್ದು ಅತ್ತೆ?"

"ಯಾವ್ದಾದ್ರೂ ಸರಿ. ಬೆಚ್ಚಗಿದ್ರೆ ಸಾಕು." ಸೊಸೆ ತಿರುಗುವಷ್ಟರಲ್ಲಿ ಉಲ್ಕಾನಳಿಗೆ ತಡೆಯಲಾಗಲಿಲ್ಲ. "ಇಲ್ಲಿ ಕೇಳು. ಫ್ಲೀಸ್ ಜಾಕೆಟ್ ತಾ. ಬೆಳಕಿಗೆ ಹಿಡಿದ್ರೆ ಆಚೆ ಕಡೆ ಕಾಣೋ ಅಂಥ ತೆಳ್ಳಂದು ಬೇಡ. ಒಳಗೂ ಹೊರಗೂ ಎರಡೂ ಕಡೆ ರೋಮ ಎದ್ದಿರ್ಬೇಕು. ಅಂಗೈಲಿ ಚೆನ್ನಾಗಿ ಉಜ್ಜಿ ನೋಡು, ಉಂಡೆ ಕಟ್ಟಿದ್ರೆ ಅಲ್ಲೇ ಬಿಸಾಕು. ಜಿಪ್ಪು ಗದ್ದದ ತನಕ ಬರ್ಬೇಕು, ತುದೀಲಿ ಬಟ್ಟೆ ಮಡಿಚಿ ಹೊಲಿದಿರ್ಬೇಕು, ಇಲ್ದಿದ್ರೆ ಚಳೀಲಿ ಕಬ್ಬಿಣ ಕತ್ತು ಕಚ್ಚತ್ತೆ. ಮಣಿಕಟ್ಟಲ್ಲಿ ಬಿಗಿ ಇರ್ಲಿ. ಒಳಗೆ ಸ್ವೆಟರ್ ಹಾಕಿದ್ರೂ ಕೈ ಎತ್ತೋ ಹಾಗಿರ್ಬೇಕು, ಮೇಲೆ ಕೋಟು ಹಾಕಿದ್ರೂ ಮುದುರ್ಕೋಬಾರ್ದು. ಜೇಬಿಗೂ ಜಿಪ್ಪಿರ್ಲಿ. ಕಪ್ಪು ತರ್ಬೇಡ. ಕುರಿಗೆ ಹುಲ್ಲು ಹಾಕಿದ್ದೆಲ್ಲ ಮೈಮೇಲೆ ಎದ್ದು ಕಾಣತ್ತೆ."

ಗುಡಾರದಲ್ಲಿದ್ದ ಹೆಂಗಸರೆಲ್ಲ ಅಳು ನಿಲ್ಲಿಸಿ ಅವಳನ್ನೇ ನೋಡುತ್ತಿದ್ದರು.

"ಏನ್ ನೋಡ್ತೀರಿ?" ಎಂದಳು ಉಲ್ಕಾನ್. "ಮೂರು ತಿಂಗಳು ಇದೇ ಪಾಠ ಕಲ್ತಿದೀನಿ."

*

ಆ ಪಾಠ ಶುರುವಾದದ್ದು ಶರತ್ಕಾಲದ ಕೊನೆಯಲ್ಲಿ, ನದಿಯ ಅಂಚಿಗೆ ಮೊದಲ ಮಂಜುಗಡ್ಡೆ ಕಟ್ಟಿದಾಗ. ಡಿಪೋದ ಕೆಲಸದಿಂದ ನಿವೃತ್ತನಾದ ಮೇಲೆ ಮುಕಾಷ್ ದಿನವಿಡೀ ಹೊರಗೇ ಇರುತ್ತಿದ್ದ. ಕುರಿ, ಹುಲ್ಲು, ನೀರು, ಬೇಲಿ. ಹತ್ತಿಕೋಟು ಹಾಕಿದರೆ ಬಗ್ಗಲಾಗುತ್ತಿರಲಿಲ್ಲ, ಬಿಚ್ಚಿದರೆ ನಡುಗುತ್ತಿದ್ದ. ದಿನಬಳಕೆಗೆ, ಮನೆಯ ಒಳಗೂ ಹೊರಗೂ ಆಗುವಂಥದ್ದು, ಒದ್ದೆಯಾದರೆ ಒಲೆಯ ಪಕ್ಕ ಬೆಳಗಾಗುವುದರಲ್ಲಿ ಒಣಗುವಂಥದ್ದು ಬೇಕಿತ್ತು. ಊರಿನ ಅರ್ಧ ಗಂಡಸರು ಈಗ ಫ್ಲೀಸ್ ಜಾಕೆಟ್ಟಿನಲ್ಲೇ ಚಳಿಗಾಲ ಕಳೆಯುತ್ತಿದ್ದರು. ಉಲ್ಕಾನ್ ಅವನನ್ನು ಪೇಟೆಗೆ ಎಳೆದುಕೊಂಡು ಹೋದಳು.

ಅಂಗಡಿಯ ಹೆಂಗಸು ಕೋಲಿನ ತುದಿಯಿಂದ ಒಂದೊಂದೇ ಜಾಕೆಟ್ಟು ಇಳಿಸಿ ತೋರಿಸಿದಳು. ಮುಕಾಷ್ ಯಾವುದನ್ನೂ ತೊಡಲಿಲ್ಲ. ತೋಳನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಉಜ್ಜಿ, ಬಿಟ್ಟುಬಿಡುತ್ತಿದ್ದ.

"ಇದನ್ನ ಯಾವ್ದ್ರಲ್ಲಿ ಮಾಡಿರೋದಮ್ಮ?"

"ಫ್ಲೀಸು ತಾತ."

"ಅದಲ್ಲ. ಫ್ಲೀಸನ್ನ ಯಾವ್ದ್ರಲ್ಲಿ ಮಾಡ್ತಾರೆ?"

ಹೆಂಗಸು ನಕ್ಕಳು. "ಪ್ಲಾಸ್ಟಿಕ್ ಬಾಟ್ಲಿ ಕರಗಿಸಿ ಎಳೆ ತೆಗೀತಾರಂತೆ. ಬಾಟ್ಲಿ ಆದ್ರೇನು ತಾತ, ಕುರಿಮರಿ ಹಂಗಿದೆ ಮುಟ್ಟಿ ನೋಡಿ."

"ಕರಗಿಸಿ..." ಎಂದ ಮುಕಾಷ್. ತೋಳು ಬಿಟ್ಟ.

"ಏನಾಯ್ತ್ರೀ?"

"ತೋಳು ಉದ್ದ."

ಪಕ್ಕದ ಅಂಗಡಿಯಲ್ಲಿ ಕಾಲರು ಗಿಡ್ಡ. ಅದರಾಚೆಯದರಲ್ಲಿ ಜೇಬು ಮೇಲಿದೆ. ಇನ್ನೊಂದರ ಬಣ್ಣ ಗಡಿ ಕಾಯುವ ಸಿಪಾಯಿಗಳದ್ದು. ಉಲ್ಕಾನಳ ಕಾಲು ಮಂಜಿಗೆ ಮರಗಟ್ಟಿ, ಬೆರಳಿದೆಯೋ ಇಲ್ಲವೋ ತಿಳಿಯದಂತಾಗಿತ್ತು.

"ನನ್ನನ್ನ ನೋಡೋಕೆ ಬಂದಾಗ ಇಷ್ಟು ಚಿವುಟಿ ನೋಡಿದ್ರಾ ನೀವು?" ಎಂದಳು ಬೀದಿಯ ನಡುವೆಯೇ. "ಒಂದು ಲೋಟ ಚಹಾ ಕುಡಿದು ಒಪ್ಕೊಂಡ್ರಿ. ಒಂದು ಜಾಕೆಟ್ಟಿಗೆ ಇಷ್ಟು ನಖರಾನಾ?"

"ನೀನು ಬೇರೆ," ಎಂದು ಅವನು ನಕ್ಕ. ನಕ್ಕು ಮುಂದೆ ನಡೆದ.

ಮುಂದಿನ ಭಾನುವಾರ, ಅದರ ಮುಂದಿನ ಭಾನುವಾರ, ಇದೇ ಆಯಿತು. ಅಂಗಡಿಯವರೆಲ್ಲ ಅವರನ್ನು ಗುರುತು ಹಿಡಿದು, ದೂರದಿಂದಲೇ ಕಂಡು ಒಬ್ಬರಿಗೊಬ್ಬರು ಕಣ್ಣು ಮಿಟುಕಿಸುವಷ್ಟಾಯಿತು.

ಕೊನೆಗೆ ಅವಳೇ ಒಂದು ದಿನ ಒಬ್ಬಳೇ ಹೋಗಿ ತಂದಳು. ಕಂದುಬಣ್ಣದ್ದು, ದಪ್ಪ, ಎರಡು ಕಡೆ ರೋಮ. "ಹಾಕ್ಕೊಳ್ಳಿ" ಎಂದು ಎದುರಿಗೆ ನಿಂತಳು. ಅವನು ಹಾಕಿಕೊಂಡ. ಒಪ್ಪುತ್ತಿತ್ತು. ಅವಳ ಕಣ್ಣಿಗೆ ಹತ್ತು ವರ್ಷ ಚಿಕ್ಕವನಾಗಿ ಕಂಡ. ಕೊಟ್ಟಿಗೆಗೆ ಹೋಗಿಬಂದವನು ಕತ್ತಲು ಕವಿದ ಜಗಲಿಯಲ್ಲಿ ನಿಂತು ಜಿಪ್ಪು ಅರ್ಧ ಇಳಿಸಿ ಅದನ್ನು ತಲೆಯ ಮೇಲಿಂದ ಎಳೆದ. ಒಣ ಚಳಿಯಲ್ಲಿ ಫ್ಲೀಸು ಸ್ವೆಟರಿಗೆ ಉಜ್ಜಿ ಚಟಪಟ ಎಂದು ನೀಲಿ ಕಿಡಿಗಳು ಹಾರಿದವು. ಉಲ್ಕಾನಳಿಗೆ ನಗು ಬಂತು. ಅವನು ಜಾಕೆಟ್ಟು ಅರ್ಧ ತಲೆಗೆ ಸಿಕ್ಕಿಕೊಂಡಂತೆಯೇ ಕೈ ಮೇಲೆತ್ತಿ ನಿಂತುಬಿಟ್ಟಿದ್ದ. ಉಸಿರು ಕೂಡ ಬಿಡುತ್ತಿರಲಿಲ್ಲ.

"ಏನ್ರೀ, ಕಲ್ಲಾಗಿ ಹೋದ್ರಾ?"

ಮಾರನೆಯ ದಿನ ಜಾಕೆಟ್ಟು ಗೂಟದಲ್ಲಿರಲಿಲ್ಲ. ಅಂಗಡಿಗೆ ವಾಪಸು ಕೊಟ್ಟು ಬಂದಿದ್ದ.

"ಕಂಕುಳಲ್ಲಿ ಹಿಡೀತಿತ್ತು," ಎಂದ. ಸ್ವಲ್ಪ ಹೊತ್ತು ಬಿಟ್ಟು, ಅವಳ ಮುಖ ನೋಡದೆ, "ನೀನೇ ಒಂದು ಉಣ್ಣೇದು ಹೆಣೆದುಕೊಡು" ಎಂದ.

"ನಾನಾ? ಸೂಜಿ ಕಣ್ಣೇ ಕಾಣಲ್ಲ ನನಗೆ. ಅಷ್ಟು ದೊಡ್ಡದು ಹೆಣೆಯೋಷ್ಟ್ರಲ್ಲಿ ಕುರುಡಿ ಆಗ್ತೀನಿ. ಪೇಟೆ ತುಂಬ ಬೆಚ್ಚಗಿರೋದು ನೇತು ಹಾಕಿದಾರೆ, ನಿಮಗೆ ನನ್ನ ಕಣ್ಣೇ ಬೇಕಾ?"

ಅವನು ಮತ್ತೆ ಕೇಳಲಿಲ್ಲ. ಅವಳೂ ಮತ್ತೆ ಜಾಕೆಟ್ಟಿನ ಸುದ್ದಿ ಎತ್ತಲಿಲ್ಲ. ಸಿಟ್ಟನ್ನು ಬೇರೆ ಕಡೆ ತಿರುಗಿಸಿದಳು. ಬೆಳಗಿನ ಜಾವ ಮನೆಯೆಲ್ಲ ಕೊರೆಯುವಾಗ ಎದ್ದು ಒಲೆ ಹಚ್ಚುವವಳು ತಾನೇ, ಇಷ್ಟು ವರ್ಷದಲ್ಲಿ ಒಂದು ದಿನ ಈ ಮನುಷ್ಯ ಒಂದು ಕಡ್ಡಿ ಗೀರಿದ್ದಿಲ್ಲ ಎಂದು ಪಾತ್ರೆ ಕುಕ್ಕಿದಳು. ಅವನು ಸೌದೆ ಒಡೆದು, ಜೋಡಿಸಿ, ಒಲೆಯ ಬಾಯಿಗೆ ಇಟ್ಟು, ದೂರ ಸರಿದು ನಿಲ್ಲುತ್ತಿದ್ದ. ಹಚ್ಚುವುದೊಂದು ಅವಳ ಪಾಲು.

ಕೊನೆಯ ಬೆಳಿಗ್ಗೆ ರಾತ್ರಿಯೆಲ್ಲ ಹಿಮ ಬಿದ್ದು ಬಾಗಿಲು ಅರ್ಧ ಮುಚ್ಚಿತ್ತು. ಅವನು ತೂತು ಸ್ವೆಟರಿನಲ್ಲೇ ಸಲಿಕೆ ತೆಗೆದುಕೊಂಡು ಹೊರಟ.

"ಬಾಗ್ಲು ಎಳ್ಕೊಂಡು ಹೋಗ್ರೀ," ಎಂದಳು ಉಲ್ಕಾನ್, ಹಿಂದಿರುಗಿ ನೋಡದೆ. "ಬೆಚ್ಚಗಿರೋದು ನಿಮಗೆ ಬೇಡ್ದಿದ್ರೂ ನಮಗೆ ಬೇಕು."

ಬಾಗಿಲು ಮೆಲ್ಲಗೆ ಮುಚ್ಚಿತು.

*

ಮೈ ತೊಳೆಯುವವರು ಗುಡಾರದೊಳಗೆ ಬಂದಾಗ ಹೆಂಗಸರೆಲ್ಲ ಎದ್ದು ಮನೆಯೊಳಗೆ ಹೋದರು. ಅಡುಗೆಮನೆಯ ಮೇಜಿನ ಮೇಲೆ ಕರಿದ ಹಿಟ್ಟಿನುಂಡೆಗಳ ಗುಡ್ಡೆ ಬಿದ್ದಿತ್ತು. ಉಲ್ಕಾನಳನ್ನು ಒಲೆಯ ಪಕ್ಕ ಕೂರಿಸಿ ಕಲಿಪಾ ಚಹಾ ಬಗ್ಗಿಸಿದಳು. ಪೇಟೆಗೆ ಹೋದ ಬೇಗಾಯಿಮ್ ಇನ್ನೂ ಬಂದಿರಲಿಲ್ಲ. ಗುಡಾರದ ಕಡೆಯಿಂದ ನೀರು ಸುರಿಯುವ ಸದ್ದು ಕೇಳಿದಾಗಲೆಲ್ಲ ಕಲಿಪಾ ಕಿಟಕಿಯಿಂದ ಇಣುಕಿ ನೋಡುತ್ತಿದ್ದಳು.

ಆಗ ಬಾಗಿಲಲ್ಲಿ ಒಬ್ಬ ಮುದುಕ ನಿಂತ. ಟೋಪಿ ಕೈಯಲ್ಲಿತ್ತು.

"ಕಣಿವೆ ದಾರೀಲಿ ಹಿಮ ಅತ್ತಿಗೆ, ತಡ ಆಗೋಯ್ತು. ಗುಡಾರದೊಳಗೆ ತೊಳೀತಿದಾರಂತೆ. ನಿಮ್ಮನ್ನಾದ್ರೂ ನೋಡೋಣ ಅಂತ ಬಂದೆ. ದೇವರು ಅವನಿಗೆ ಒಳ್ಳೇ ಜಾಗ ಕೊಡ್ಲಿ."

ಕಿವಿಯ ಕೆಳಗಿನಿಂದ ಕುತ್ತಿಗೆಯುದ್ದಕ್ಕೂ ಅವನ ಚರ್ಮ ಕರಗಿ ಗಟ್ಟಿಯಾದ ಮೇಣದ ಹಾಗಿತ್ತು. ಅದನ್ನು ಕಂಡೇ ಉಲ್ಕಾನಳಿಗೆ ಗುರುತು ಸಿಕ್ಕಿತು. ಮುಕಾಷನ ಜೊತೆ ಪೆಟ್ರೋಲ್ ಡಿಪೋದಲ್ಲಿದ್ದವನು. ಎಷ್ಟೋ ವರ್ಷದ ಹಿಂದೆ ಕೆಲಸ ಬಿಟ್ಟು ಕಣಿವೆಯಾಚೆಯ ಕೊಚ್ಕೋರ್ ಊರಿಗೆ ಹೋಗಿ ನೆಲೆಸಿದವನು.

"ತಾಷ್ತಾನ್ ಅಲ್ವಾ ನೀವು? ಕುಡಿದು ಒಲೆ ಮೇಲೆ ಬಿದ್ದೋರು." ಮಾತು ಬಾಯಿಂದ ಜಾರಿಯೇ ಹೋಯಿತು.

ಕಲಿಪಾ ತುಟಿ ಕಚ್ಚಿದಳು. ತಾಷ್ತಾನ್ ಅತ್ತಿತ್ತ ನೋಡಿದ.

"ಯಾರು ಕುಡಿದಿದ್ದು?"

"ನೀವೇ. ನಮ್ಮೋರು ಹೇಳಿದ್ರು ಆಗ."

"ಅತ್ತಿಗೆ, ನಾನು ಹುಟ್ಟಿದಾಗಿಂದ ಒಂದು ತೊಟ್ಟು ಮುಟ್ಟಿದೋನಲ್ಲ. ಕುದುರೆ ಹಾಲು ಹುಳಿ ಜಾಸ್ತಿಯಾಗಿ ಅಮಲೇರೋ ಹಾಗಿದ್ರೆ ಅದನ್ನೂ ಕುಡಿಯಲ್ಲ." ಅವನು ಕುರ್ಚಿ ಎಳೆದುಕೊಂಡು ಧೊಪ್ಪನೆ ಕೂತ. "ಹಂಗಂತ ಹೇಳಿದ್ನಾ ಮುಕಾಷ್? ಹಂಗಾದ್ರೆ ಇಷ್ಟು ವರ್ಷ ಈ ಮನೇಲಿ ನಾನು ಕುಡುಕ ಆಗಿದ್ದೆ ಅನ್ನಿ!"

"ಮತ್ತೆ ಇದು?" ಅವಳು ಅವನ ಕುತ್ತಿಗೆ ತೋರಿಸಿದಳು.

ತಾಷ್ತಾನ್ ಕಲಿಪಾ ಕೊಟ್ಟ ಚಹಾದ ಬಟ್ಟಲನ್ನು ಎರಡು ಕೈಯಲ್ಲಿ ಹಿಡಿದುಕೊಂಡ.

"ಈಗ ಹೇಳಿದ್ರೆ ಯಾರ್ದೇನು ಹೋಗತ್ತೆ. ಡಿಪೋದಲ್ಲೇ ಆಗಿದ್ದು. ಆಗ ನೈಲಾನ್ ಜಾಕೆಟ್ಟು ಹೊಸದಾಗಿ ಬರ್ತಿದ್ವಲ್ಲ, ನಾನೂ ಒಂದು ತಗೊಂಡಿದ್ದೆ. ಚಳಿಗಾಲ. ಟ್ಯಾಂಕರು ಖಾಲಿ ಮಾಡಿ ಮೈಯೆಲ್ಲ ಬೆವ್ರು, ಸುತ್ತ ಎಲ್ಲ ಪೆಟ್ರೋಲಿನ ಆವಿ. ಅಲ್ಲೇ ನಿಂತು ಜಾಕೆಟ್ಟು ಬಿಚ್ಚೋಕೆ ಹೋದೆ. ಚಟಪಟ ಅಂತು, ಧಗ್ ಅಂತ ಹೊತ್ಕೊಂತು. ನನಗೆ ಅಷ್ಟೇ ನೆನಪು."

ಉಲ್ಕಾನ್ ಬಟ್ಟಲು ಕೆಳಗಿಟ್ಟಳು.

"ಮುಕಾಷ್ ನನ್ನನ್ನ ಎಳ್ಕೊಂಡು ಹೋಗಿ ಹಿಮದಲ್ಲಿ ಹೊರಳಾಡಿಸ್ದ. ಆಮೇಲೆ ಜಾಕೆಟ್ಟು ಕಿತ್ತ. ಅದು ಬಟ್ಟೆ ಥರ ಬಿಚ್ಕೊಂಡು ಬರ್ಲಿಲ್ಲ ಅತ್ತಿಗೆ. ಸಕ್ಕರೆ ಪಾಕದ ಥರ ಎಳೆ ಎಳೆಯಾಗಿ ಬಂತಂತೆ, ಚರ್ಮದ ಸಮೇತ. ಅವನ ಕೈಗೂ ಅಂಟ್ಕೊಂತು."

"ಬಿಸಿ ಪೈಪು ತಗುಲ್ತು ಅಂದಿದ್ರು. ಕುರಿ ಬಾಲದ ಕೊಬ್ಬು ಹಚ್ಚಿದೀನಿ ನಾನು ಆ ಕೈಗೆ, ಒಂದು ತಿಂಗಳು."

"ಡಿಪೋದಲ್ಲಿ ಬೆಂಕಿ ಅಂತ ಹೊರಗೆ ಬಿದ್ರೆ ಎಲ್ರ ಕೆಲಸಾನೂ ಹೋಗತ್ತೆ ಅಂದ ಮೇಲಿನೋನು. ಮನೇಲಿ ಒಲೆಗೆ ಬಿದ್ದ ಅಂತ ಹೇಳೋಣ ಅಂದ್ವಿ. ಕುಡಿದಿದ್ದ ಅನ್ನೋದನ್ನ ಮಾತ್ರ ಇವನೇ ಸೇರಿಸಿದಾನೆ." ತಾಷ್ತಾನ್ ನಗಲು ನೋಡಿದ, ಆಗಲಿಲ್ಲ.

ಉಲ್ಕಾನಳ ಕಣ್ಣು ಅಷ್ಟು ಹೊತ್ತಿನಿಂದ ಅವನ ಮೈಮೇಲೇ ಇತ್ತು. ತೆರೆದ ಕೋಟಿನೊಳಗೆ ಅವನು ತೊಟ್ಟಿದ್ದದ್ದು ಬೂದುಬಣ್ಣದ ಫ್ಲೀಸ್ ಜಾಕೆಟ್ಟು.

"ನೀವೇ ಇದನ್ನ ಹಾಕ್ಕೊಂಡಿದೀರಲ್ಲ!"

"ಇದಾ? ಮಗಳು ತಂದ್ಕೊಟ್ಳು. ಒಳ್ಳೆ ಬೆಚ್ಚಗಿದೆ." ಅವನು ತೋಳನ್ನು ಸವರಿಕೊಂಡ. "ಏನ್ಮಾಡೋದು ಅತ್ತಿಗೆ, ಸುಟ್ಟೋನು ನಾನು, ಮರ್ತೆ. ನೋಡಿದೋನು ಅವನು. ಯಾವಾಗ ಸಿಕ್ರೂ ಮೊದ್ಲು ನನ್ನ ತೋಳು ಚಿವುಟಿ ನೋಡೋನು, ಯಾವ ಬಟ್ಟೆ ಅಂತ. ಮಾತು ಆಡ್ತಿರ್ಲಿಲ್ಲ. ಸಿಗರೇಟು ಹಚ್ಚೋರ ಪಕ್ಕ ನಿಂತಿದ್ರೆ ನನ್ನನ್ನ ಮೆಲ್ಲಗೆ ಈಚೆಗೆ ಕರ್ಕೊಂಡು ಬಂದ್ಬಿಡೋನು."

ಒಲೆಯಲ್ಲಿ ಸೌದೆಯೊಂದು ಸಿಡಿಯಿತು.

"ಮದುವೆಯಾದ ಹೊಸದ್ರಲ್ಲಿ ಹಚ್ತಿದ್ರು," ಎಂದಳು ಉಲ್ಕಾನ್.

"ಏನನ್ನ ಅಕ್ಕ?" ಎಂದಳು ಕಲಿಪಾ.

"ಒಲೇನ. ನನಗಿಂತ ಮುಂಚೆ ಎದ್ದು ಹಚ್ತಿದ್ರು. ನಾನು ಮಲಗೇ ಇರ್ತಿದ್ದೆ." ಅವಳು ನೆನಪು ಮಾಡಿಕೊಳ್ಳುತ್ತ ಹುಬ್ಬು ಗಂಟಿಕ್ಕಿದಳು. "ಯಾವಾಗ ಬಿಟ್ರು ಅಂತಾನೇ ನಾನು ಕೇಳ್ಲಿಲ್ಲ. ಸೋಮಾರಿ ಆದ ಅಂದ್ಕೊಂಡೆ."

ಇದ್ದಕ್ಕಿದ್ದಂತೆ ಅವಳು ಮೇಜಿಗೆ ಅಂಗೈ ಬಡಿದಳು. ಕರಿದ ಉಂಡೆಗಳು ನೆಲಕ್ಕೆ ಉರುಳಿದವು.

"ಒಂದು ಮಾತು! ಒಂದೇ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು? ತೋಳು ಉದ್ದ, ಕಾಲರು ಗಿಡ್ಡ, ಕಂಕುಳಲ್ಲಿ ಹಿಡಿಯತ್ತೆ... ಪೇಟೆಯೋರೆಲ್ಲ ನಗ್ತಿದ್ರು ನಮ್ಮನ್ನ ನೋಡಿ. ಭಯ ಆಗತ್ತೆ ಕಣೇ ಅಂತ ಒಂದು ಸಲ ಅಂದಿದ್ರೆ ನಾನು ಕಣ್ಣು ಹೋದ್ರೂ ಪರವಾಗಿಲ್ಲ ಅಂತ ಹೆಣೆದುಕೊಡ್ತಿರ್ಲಿಲ್ವಾ? ಕೇಳಿದ್ರು, ಹೆಣೆದುಕೊಡು ಅಂತ. ಯಾಕೆ ಅಂತ ಹೇಳ್ಬೇಕಿತ್ತಲ್ಲ!"

"ಹೇಳೋ ಪೈಕಿ ಅಲ್ಲ ಅತ್ತಿಗೆ ಅವನು," ಎಂದ ತಾಷ್ತಾನ್. ಬಗ್ಗಿ ಉಂಡೆಗಳನ್ನು ಆರಿಸತೊಡಗಿದ.

*

ಬೇಗಾಯಿಮ್ ಓಡೋಡುತ್ತ ಬಂದಳು. ಕೆನ್ನೆ ಚಳಿಗೆ ಕೆಂಪಗಾಗಿತ್ತು. ಕವರಿನಿಂದ ಜಾಕೆಟ್ಟು ತೆಗೆದು ಅತ್ತೆಯ ತೊಡೆಯ ಮೇಲೆ ಹರಡಿದಳು. ಕಡುಹಸಿರು. ಎರಡು ಕಡೆ ದಟ್ಟ ರೋಮ, ಗದ್ದದವರೆಗೆ ಜಿಪ್ಪು, ತುದಿಯಲ್ಲಿ ಬಟ್ಟೆಯ ಮಡಿಕೆ, ಮಣಿಕಟ್ಟಲ್ಲಿ ಬಿಗಿ. ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ.

"ನೀವು ಹೇಳಿದ್ದನ್ನ ಹಂಗೇ ಒಪ್ಪಿಸ್ದೆ ಅತ್ತೆ. ಅಂಗಡಿಯೋಳಿಗೆ ತಕ್ಷಣ ಗೊತ್ತಾಯ್ತು ಯಾರ ಮನೆ ಅಂತ. ಆ ತಾತ ಕೊನೆಗೂ ಒಪ್ಕೊಂಡ್ರಾ ಅಂತ ಕೇಳಿದ್ಲು." ಅವಳು ಖಾಲಿ ಕವರನ್ನು ಮಡಿಚಿದಳು. "ನಾನು ಹ್ಞೂಂ ಅಂದ್ಬಿಟ್ಟೆ."

ಉಲ್ಕಾನ್ ಬಟ್ಟೆಯ ಮೇಲೆ ಕೈಯಿಟ್ಟಳು. ಮೆತ್ತಗಿತ್ತು, ಬೆಚ್ಚಗಿತ್ತು. ಎರಡು ಬೆರಳಲ್ಲಿ ಚಿವುಟಿ ಹಿಡಿದಳು.

"ಉಣ್ಣೇದು ಸಿಗ್ಲಿಲ್ವಾ?"

ಬೇಗಾಯಿಮಳ ಮುಖ ಸಪ್ಪಗಾಯಿತು. "ಫ್ಲೀಸೇ ಅಂದ್ರಲ್ಲ ಅತ್ತೆ ನೀವು! ಅಷ್ಟುದ್ದ ಹೇಳಿದ್ರಿ..."

"ಹೇಳ್ದೆ. ಹೇಳ್ದೆ. ನಿಂದೇನೂ ತಪ್ಪಿಲ್ಲ."

"ಅಕ್ಕ, ಎಲ್ರೂ ಕಾಯ್ತಿದಾರೆ," ಎಂದು ಕಲಿಪಾ ಕೈ ಚಾಚಿದಳು. ಗುಡಾರದಲ್ಲಿ ತೊಳೆದದ್ದು, ಬಿಳಿ ಬಟ್ಟೆ ಸುತ್ತಿದ್ದು ಎಲ್ಲ ಮುಗಿದಿತ್ತು. ಹೊರಗೆ ನಮಾಜಿಗೆ ಸಾಲು ನಿಲ್ಲುತ್ತಿದ್ದರು. ಉಲ್ಕಾನ್ ಜಾಕೆಟ್ಟನ್ನು ಎರಡು ಕೈಯಲ್ಲಿ ಎತ್ತಿ ಕೊಟ್ಟಳು. ಕಲಿಪಾ ಅದರ ರೋಮ ಸವರಿ ನೋಡಿ, ಮೊದಲ ಸಲ ಸಮಾಧಾನದ ದನಿಯಲ್ಲಿ "ಚೆನ್ನಾಗಿದೆ ಅಕ್ಕ, ಮರ್ಯಾದೆ ಉಳೀತು" ಎಂದಳು.

ಹೆಣ ಹೊರಗೆ ಬರುವಾಗ ಹೆಂಡತಿ ಹಾಡಿಕೊಂಡು ಅಳಲೇಬೇಕು. ಹೆಂಗಸರು ಉಲ್ಕಾನಳನ್ನು ಗುಡಾರದ ಪಕ್ಕ ನಿಲ್ಲಿಸಿದರು. ಕಲಿಪಾ ಮೊದಲ ಸಾಲು ಎತ್ತಿಕೊಟ್ಟಳು. ಬೆಟ್ಟದಂಥವನೇ.

"ಬೆಟ್ಟವೇನೋ ಹೌದು," ಎಂದು ಉಲ್ಕಾನ್ ಶುರುಮಾಡಿದಳು. ದನಿ ಒಡೆದಿತ್ತು, ಆದರೆ ನಿಲ್ಲಲಿಲ್ಲ.

"ಬೆಟ್ಟವೇನೋ ಹೌದು, ಕೂಗಿದರೆ ಮಾರುತ್ತರ ಕೊಡದ ಬೆಟ್ಟ,
ಒಳಗೆ ಬೆಂಕಿ ಹೂತುಕೊಂಡು ಮೇಲೆ ಹಿಮ ಹೊದ್ದವನೇ,
ಒಂದೇ ಹಾಸಿಗೆಯಲ್ಲಿ ಮಲಗಿ ಒಂದು ಮಾತು ಆಡದವನೇ,
ಗೆಳೆಯನ ಕುಡುಕ ಮಾಡಿದೆ, ನನ್ನ ಬಜಾರಿ ಮಾಡಿದೆ,
ನಡುಗುತ್ತ ಹೋದೆಯಲ್ಲೋ, ಬಾಗಿಲು ಎಳೆದುಕೊಂಡು,
ಯಾರ ಮೇಲೆ ಸಿಟ್ಟಾಗಲಿ ನಾನಿನ್ನು, ಯಾರ ಮೇಲೆ?"

ಹೆಂಗಸರಲ್ಲಿ ಗುಸುಗುಸು ಎದ್ದಿತು. ಸತ್ತವನನ್ನು ಬಯ್ಯುವ ಹಾಡು ಯಾರೂ ಕೇಳಿರಲಿಲ್ಲ. ಯಾರೋ ಅವಳ ಬಾಯಿ ಮುಚ್ಚಿಸಲು ಮುಂದಾದರು. ಪಕ್ಕದ ಮನೆಯ ಮುದುಕಿ ಅವರ ಕೈ ಹಿಡಿದು ತಡೆದಳು. "ಬಯ್ಯಲಿ ಬಿಡಿ. ಇವತ್ತೊಂದು ದಿನ ತಾನೇ ಅವನಿಗೆ ಕೇಳಿಸೋದು." ಗಂಡಸರ ಸಾಲಿನಲ್ಲಿ ಎರ್ಮೆಕ್ ತಲೆ ತಗ್ಗಿಸಿ ನಿಂತಿದ್ದ. ತಾಷ್ತಾನ್ ಮಾತ್ರ ತಲೆಯೆತ್ತಿ, ಕಣ್ಣೊರೆಸಿಕೊಳ್ಳದೆ, ಕೊನೆಯ ಸಾಲಿನವರೆಗೂ ಕೇಳಿಸಿಕೊಂಡ.

ಹೆಣ ಹೆಗಲಿಗೇರಿತು. ಗಂಡಸರು ಬಿರಬಿರನೆ ಇಳಿಜಾರು ಹತ್ತಿ ಸ್ಮಶಾನದ ಕಡೆ ಹೋದರು. ಹೆಂಗಸರು ಹಿಂದೆ ಉಳಿದರು.

*

ಅವರು ಮಣ್ಣು ಮಾಡಿ ಹಿಂದಿರುಗುವಾಗ ಬಿಸಿಲು ಬೆಟ್ಟದ ನೆತ್ತಿಗೆ ಸರಿದಿತ್ತು. ಅಂಗಳದ ಮೂಲೆಯಲ್ಲಿ ದೊಡ್ಡ ಕಡಾಯಿಯ ಕೆಳಗೆ ಬೆಂಕಿ ಚೆನ್ನಾಗಿ ಉರಿಯುತ್ತಿತ್ತು. ಊಟಕ್ಕೆ ಒಳಗೆ ಕೂತವರು ಕೂತರು. ಉಳಿದವರು ಕೈ ಕಾಯಿಸಿಕೊಳ್ಳುತ್ತ ಕಡಾಯಿಯ ಸುತ್ತ ನೆರೆದರು. ಹೆಪ್ಪುಗಟ್ಟಿದ ನೆಲ ಅಗೆಯಲು ಎಷ್ಟು ಕಷ್ಟವಾಯಿತು, ಹಾರೆಯ ಮೊನೆ ಹೇಗೆ ಮೊಂಡಾಯಿತು ಎಂದು ಹೇಳಿಕೊಳ್ಳುತ್ತಿದ್ದರು.

ಉಲ್ಕಾನ್ ಬಾಗಿಲಲ್ಲಿ ನಿಂತು ಬಂದವರನ್ನು ಕರೆಯುತ್ತಿದ್ದಳು. ಸಗಿನ್ ಹೊಸ ಜಾಕೆಟ್ಟು ತೊಟ್ಟಿದ್ದ. ಕಲಿಪಾಳೇ ತೊಡಿಸಿರಬೇಕು. ಊರವರು ನೋಡಲಿ ಎಂದು ಮೇಲೆ ಕೋಟು ಹಾಕಿರಲಿಲ್ಲ. ಹಸಿರು ಅವನಿಗೆ ಒಪ್ಪುತ್ತಿತ್ತು. ಹಿಂದಿನಿಂದ ನೋಡಿದರೆ ಭುಜ, ತಲೆ ಬಾಗಿಸುವ ರೀತಿ, ಎಲ್ಲ ಅಣ್ಣನದೇ.

ಅವನು ಜೇಬಿನಿಂದ ಸಿಗರೇಟು ತೆಗೆದು ತುಟಿಗಿಟ್ಟ. ಕಡ್ಡಿಪೆಟ್ಟಿಗೆಗೆ ತಡಕಾಡಿದ, ಸಿಗಲಿಲ್ಲ. ಕಡಾಯಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮುಖ ಓರೆ ಮಾಡಿ, ಉರಿಯು ನೆಕ್ಕುವಷ್ಟು ಹತ್ತಿರಕ್ಕೆ ಬಗ್ಗಿ ಒಂದು ಕೊಳ್ಳಿಗೆ ಕೈ ಚಾಚಿದ.

ಉಲ್ಕಾನಳ ಕೈಯಲ್ಲಿದ್ದ ತಟ್ಟೆ ಎಲ್ಲಿ ಬಿತ್ತೋ. ಮೆಟ್ಟಿಲು ಹೇಗೆ ಇಳಿದಳೋ. ಕರಿ ತಲೆವಸ್ತ್ರ ಜಾರಿ ಹೆಗಲಿಗೆ ಬಿದ್ದಿತ್ತು. ನೆರೆದವರನ್ನು ಎರಡು ಕಡೆ ತಳ್ಳಿ ಹೋಗಿ ಮೈದುನನ ತೋಳನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಜಗ್ಗಿದಳು. ಅವನು ಹಿಂದಕ್ಕೆ ಬಿದ್ದ. ಸಿಗರೇಟು ಹಾರಿಹೋಯಿತು.

"ಏನಾಯ್ತು ಅತ್ತಿಗೆ?"

ಊಟದ ಕೋಣೆಯಿಂದಲೂ ಜನ ಇಣುಕಿದರು. ಕಲಿಪಾ ಬಾಗಿಲಿಗೆ ಬಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಅತ್ತಿಗೆ, ಏನು? ಏನಾಯ್ತು ಹೇಳಿ!"

ಉಲ್ಕಾನ್ ಬಾಯಿ ತೆರೆದಳು. ತುಟಿ ಅಲುಗಿತು. ಮಾತು ಬರಲಿಲ್ಲ. ಮುಷ್ಟಿಯನ್ನೂ ಬಿಡಲಿಲ್ಲ. ಮೆತ್ತನೆಯ ಹಸಿರು ತೋಳನ್ನು ಹಾಗೆಯೇ ಬಿಗಿಯಾಗಿ ಹಿಡಿದುಕೊಂಡು, ಬಿದ್ದಲ್ಲಿಂದ ಏಳಲೂ ಬಿಡದೆ, ಅವನನ್ನು ಬೆಂಕಿಯಿಂದ ಹಿಂದಕ್ಕೆ, ಇನ್ನೂ ಹಿಂದಕ್ಕೆ, ಬೇಲಿಯ ಬುಡದ ಹಿಮದವರೆಗೂ ಎಳೆದುಕೊಂಡು ಹೋದಳು.